ಹನ್ನೊಂದು ಮಂದಿಗೆ ಎದೆ ಕೊಟ್ಟ ಬಂದೇಅಲಿ

ಬಂದೇಅಲಿಯ ಎಡಗಡೆಯ ಕೊರಳೆಲುಬು ಸೊಟ್ಟ. ಹನ್ನೆರಡು ವರ್ಷದವನಿದ್ದಾಗ ಮಳಖೇಡದ ಹಾಳು ಕೋಟೆಯ ಗೋಡೆಗೆ ಗಿಳಿಮರಿ ಹಿಡಿಯಲು ಹತ್ತಿ, ಕಾಲು ಜಾರಿ ಕೆಳಗೆ ಬಿದ್ದಿದ್ದ. ಅವನನ್ನು ಬೆನ್ನ ಮೇಲೆ ಹೊತ್ತು, ಕಾಗಿಣಾ ಹೊಳೆ ದಾಟಿಸಿ, ಎಲುಬು ಕಟ್ಟುವ ಮುದುಕನ ಹತ್ತಿರ ಒಯ್ದವನು ರೇವಣಪ್ಪ. ಇಬ್ಬರೂ ಒಂದೇ ವಾರಿಗೆಯವರು, ಅಕ್ಕಪಕ್ಕದ ಓಣಿಯವರು. ಮುದುಕ ಬಿದಿರಿನ ಸೀಳು ಇಟ್ಟು ಬಟ್ಟೆ ಬಿಗಿದ. ಎಲುಬೇನೋ ಕೂಡಿತು, ಆದರೆ ಒಂದರ ಮೇಲೊಂದು ಹತ್ತಿ ಕೂಡಿತು. ಅಂದಿನಿಂದ ಅವನ ಎಡಭುಜ ಎರಡು ಬೆರಳಿನಷ್ಟು ಕೆಳಗೆ ಇಳಿದೇ ಉಳಿಯಿತು.

ಹೊಟ್ಟೆಪಾಡಿಗೆ ಇಬ್ಬರೂ ಕೂಡಿಯೇ ಕಲ್ಲಿನ ಖಣಿಗಳ ಊರಾದ ವಾಡಿಗೆ ಬಂದರು. ರೇವಣಪ್ಪ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಷೆಡ್ಡಿಗೆ ಸೇರಿದ. ಭಾರ ಎತ್ತಲಾಗದ ಬಂದೇಅಲಿಯನ್ನು ಷೆಡ್ಡಿನವರು ತೆಗೆದುಕೊಳ್ಳಲಿಲ್ಲ. ಅವನು ಅಲ್ಲಿ ಇಲ್ಲಿ ಚಹಾದ ಅಂಗಡಿಗಳಲ್ಲಿ ದುಡಿದು, ಕೊನೆಗೆ ರಾವೂರ ರಸ್ತೆಯ ದವಾಖಾನೆಯಲ್ಲಿ ಜವಾನನಾದ.

ಅದು ಸರಕಾರದ ದವಾಖಾನೆಯಲ್ಲ. ಸುತ್ತಲಿನ ಖಣಿಗಳ ಮತ್ತು ಷೆಡ್ಡುಗಳ ಮಾಲಕರು ಕೂಡಿ ಕೂಲಿಕಾರರಿಗಾಗಿ ಒಂದು ಆರೋಗ್ಯ ಯೋಜನೆ ಮಾಡಿದ್ದರು. ಪ್ರತಿಯೊಬ್ಬನ ಪಗಾರದಲ್ಲಿ ಸ್ವಲ್ಪ ಹಿಡಿದು ಅವನ ಕೈಗೆ ಒಂದು ಹಳದಿ ಕಾರ್ಡು ಕೊಡುತ್ತಿದ್ದರು. ಆ ಕಾರ್ಡು ತೋರಿಸಿದರೆ ಔಷಧ, ಸೂಜಿ, ಪಟ್ಟಿ. ದೊಡ್ಡ ರೋಗವಾದರೆ ಗುಲಬರ್ಗಾದ ಎದೆರೋಗದ ಆಸ್ಪತ್ರೆಯಲ್ಲಿ ಯೋಜನೆಯ ಹೆಸರಿನಲ್ಲಿ ಹಿಡಿದಿಟ್ಟ ನಾಲ್ಕು ಹಾಸಿಗೆಗಳಿದ್ದವು.

ಬಂದೇಅಲಿ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದು ಕಸ ಗುಡಿಸಿ, ಸೂಜಿಗಳನ್ನು ಕುದಿಯುವ ನೀರಿಗೆ ಹಾಕಿ, ಸಾಲಿನಲ್ಲಿದ್ದವರ ಹೆಸರು ಕೂಗುತ್ತಿದ್ದ. ನಿಜಾಮರ ಕಾಲದ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಉರ್ದು ಕಲಿತಿದ್ದ. ಕನ್ನಡದ ಅಕ್ಷರ ಬರುತ್ತಿರಲಿಲ್ಲ. ಆದರೆ ಕಾರ್ಡಿನ ನಂಬರು ಕಂಡರೆ ಸಾಕು, ಹೆಸರು ತಾನಾಗಿ ಬಾಯಿಗೆ ಬರುತ್ತಿತ್ತು. ಇನ್ನೂರ ಮೂವತ್ತು ಕಾರ್ಡು, ಇನ್ನೂರ ಮೂವತ್ತು ಹೆಸರು, ಎಲ್ಲ ಅವನ ತಲೆಯಲ್ಲಿದ್ದವು.

ಆ ದವಾಖಾನೆಯ ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ಅದರ ಹಿಂದಿನ ಗೋಡೆಗೆ ಒಂದು ದೊಡ್ಡ ಅಚ್ಚಿನ ಕಾಗದವನ್ನು ಗಾಜು ಹಾಕಿಸಿ ತೂಗುಬಿಟ್ಟಿದ್ದರು. ತಲೆಯ ಮೇಲೆ ಮೈಸೂರು ರಾಜ್ಯ ಎಂದಿತ್ತು. ರಾಜ್ಯದ ಹೆಸರು ಬದಲಾದ ಮೇಲೂ ಅದನ್ನು ಯಾರೂ ಬದಲಿಸಿರಲಿಲ್ಲ. ಬಾಗಿಲು ತೆರೆದಿರುವಷ್ಟು ಹೊತ್ತು, ಅಂದರೆ ರೋಗಿಗಳು ಬಂದುಹೋಗುವಷ್ಟು ಹೊತ್ತು, ಅದು ಬಾಗಿಲ ಹಿಂದೆ ಮುಚ್ಚಿಹೋಗುತ್ತಿತ್ತು. ಸಂಜೆ ಬಂದೇಅಲಿ ಬಾಗಿಲು ಹಾಕಿ ಒಳಗಿನ ಕೆಲಸ ಮುಗಿಸುವಾಗ ಮಾತ್ರ ಕಾಣುತ್ತಿತ್ತು. ಅವನು ದಿನವೂ ಅದರ ಗಾಜಿನ ಮೇಲಿನ ದೂಳನ್ನು ಹೆಗಲ ಮೇಲಿನ ವಸ್ತ್ರದಿಂದ ಒರೆಸುತ್ತಿದ್ದ. ಗಾಜು ಹಾಕಿಸಿದ್ದಾರೆಂದರೆ ದೊಡ್ಡ ಕಾಗದವೇ ಇರಬೇಕು ಎಂದುಕೊಂಡಿದ್ದ.

ವರ್ಷಕ್ಕೊಮ್ಮೆ ಶಿವರಾತ್ರಿ ಕಳೆದ ಮೇಲೆ ಗುಲಬರ್ಗಾದಿಂದ ಒಂದು ವ್ಯಾನು ಬರುತ್ತಿತ್ತು. ಅದರೊಳಗೆ ಎದೆಯ ಎಕ್ಸ್‌ರೇ ತೆಗೆಯುವ ಯಂತ್ರ. ಜನ ಅದನ್ನು ಎದಿ ಫೋಟೋ ಅನ್ನುತ್ತಿದ್ದರು. ರೋಗ ಚಿಕ್ಕದಿರುವಾಗಲೇ ಹಿಡಿಯಬೇಕೆಂಬುದು ಯೋಜನೆ ಮಾಡಿದವರ ವಿಚಾರ. ಮೊದಲ ವರ್ಷ ಎಲ್ಲರೂ ನಗುನಗುತ್ತ ಅಂಗಿ ಬಿಚ್ಚಿ ನಿಂತಿದ್ದರು. ಆ ವರ್ಷ ರೇವಣಪ್ಪನ ಜೊತೆ ಕಲ್ಲು ಕೊಯ್ಯುತ್ತಿದ್ದ ಗನಿಸಾಬನ ಫೋಟೋದಲ್ಲಿ ಒಂದು ಕಲೆ ಕಂಡಿತು. ಮರುವಾರ ಷೆಡ್ಡಿನ ಕೂಲಿಕಾರರ ಮೇಲಿನ ಮುಕಾದಮ ಶಹಾಬುದ್ದೀನ ಅವನ ಉಳಿ ಸುತ್ತಿಗೆ ಹತ್ಯಾರಗಳನ್ನು ಹೊರಗಿಟ್ಟು, "ನಿನ್ನ ಎದ್ಯಾಗ ದಾಗ ಅದ. ನಾಳಿಂದ ಬರಬ್ಯಾಡ" ಅಂದ. ಗನಿಸಾಬ ಹೆಂಡತಿ ಮಕ್ಕಳನ್ನು ಕರೆದುಕೊಂಡು ಸುಲೇಪೇಟೆಯ ಕಡೆ ಹೋದವನು ತಿರುಗಿ ಕಾಣಲಿಲ್ಲ.

ಮರುವರ್ಷ ವ್ಯಾನು ಬರುವ ಸುದ್ದಿ ಕೇಳಿದಾಗ ರೇವಣಪ್ಪ ದವಾಖಾನೆಯ ಹಿಂದಿನ ಬೇವಿನ ಗಿಡದ ಕೆಳಗೆ ಬಂದು ಕುಳಿತ. ಅವನಿಗೆ ಎರಡು ತಿಂಗಳಿಂದ ಕೆಮ್ಮು ಇತ್ತು.

"ಬಂದ್ಯಾ, ನಿನ್ನ ಎದಿ ಸ್ವಚ್ಛ ಅದ ಇಲ್ಲೋ?"

"ನನಗೇನಾಗ್ಯಾದ? ನಾ ಏನು ಕಲ್ಲ ಕೊಯ್ತೀನೇನು?"

"ಹಂಗಾರ ನನ್ನ ನಂಬರಿಗೆ ನೀ ನಿಂದ್ರು."

ಬಂದೇಅಲಿ ಮೊದಲು ನಕ್ಕ. ರೇವಣಪ್ಪ ನಗಲಿಲ್ಲ. "ಕಾಗಿಣಾ ದಾಟಿಸಿದ್ದು ನೆನಪದ ಇಲ್ಲೋ?" ಎಂದು ಅವನು ಕೇಳಬಹುದಿತ್ತು, ಕೇಳಲಿಲ್ಲ. ಅದಕ್ಕೇ ಬಂದೇಅಲಿಗೆ ಇಲ್ಲ ಎನ್ನಲಾಗಲಿಲ್ಲ.

ಕೆಲಸ ಸುಲಭವೇ ಇತ್ತು. ವ್ಯಾನಿನ ಮೆಟ್ಟಿಲ ಹತ್ತಿರ ನಿಂತು ನಂಬರು ಕೊಡುವವನು ಬಂದೇಅಲಿ. ಫೋಟೋ ತೆಗೆಯುವವನು ಪರಊರಿನವನು, ಹಲಗೆಯ ಮರೆಯಲ್ಲಿ ಕುಳಿತು ಮುಖ ನೋಡದೆ, "ಗದ್ದ ಮೇಲೆ, ಉಸಿರು ಹಿಡಿ, ಆಯ್ತು ನಡಿ" ಎಂದು ಇನ್ನೂರು ಸಲ ಹೇಳುವವನು. ರೇವಣಪ್ಪನ ನಂಬರು ಬಂದಾಗ ಬಂದೇಅಲಿ ಅಂಗಿ ಬಿಚ್ಚಿ ತಾನೇ ಒಳಗೆ ಹೋಗಿ ನಿಂತ. ಫಲ ಬಂತು: ಸರಿ ಇದೆ.

ಇಂಥ ಸುದ್ದಿ ಮುಚ್ಚಿಟ್ಟರೆ ಎಲ್ಲಿ ನಿಲ್ಲುತ್ತದೆ? ಮುಂದಿನ ವರ್ಷ ಐದು ಮಂದಿ ಬಂದರು. ಅದರ ಮುಂದಿನ ವರ್ಷ ಹನ್ನೊಂದು. "ಮಾಮಾ, ಈ ಸಲ ನನಗೂ ಎದಿ ಕೊಡ್ರಿ" ಎಂದು ಕೇಳುವುದು ವಾಡಿಯ ಷೆಡ್ಡುಗಳಲ್ಲಿ ಒಂದು ರೂಢಿಯೇ ಆಯಿತು. ಬಂದೇಅಲಿ ಯಾರಿಂದಲೂ ಏನೂ ತೆಗೆದುಕೊಳ್ಳಲಿಲ್ಲ. ರೇವಣಪ್ಪನ ಹೆಂಡತಿ ನೀಲಾಬಾಯಿ ಕೊಟ್ಟು ಕಳಿಸುವ ರೊಟ್ಟಿ, ಪುಂಡಿಪಲ್ಯ ಮೊದಲಿಂದಲೂ ಬರುತ್ತಿತ್ತು, ಅದು ಬೇರೆ. ಭಾರ ಎತ್ತಲಾಗದವನೆಂದು ಎಲ್ಲರೂ ಬಿಟ್ಟ ಮನುಷ್ಯ ತಾನು, ಈಗ ಹನ್ನೊಂದು ಮನೆಯ ಒಲೆ ತನ್ನ ಎದೆಯಿಂದ ಉರಿಯುತ್ತಿದೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆ.

ಅವನ ಹೆಂಡತಿ ಸುಗರಾಬಿಗೆ ಇದು ಸೇರುತ್ತಿರಲಿಲ್ಲ. "ನಿಮ್ಮ ಎದಿ ಅಂಬೋದು ಊರ ಚಾವಡಿ ಆಗ್ಯಾದ ನೋಡ್ರಿ. ಬಂದವರೆಲ್ಲ ಕುಂತು ಹೋಗ್ಲಿಕತ್ತಾರ."

"ನಿನ್ನ ಗಂಟೇನು ಹೋಯ್ತು?"

"ನಂದೇನೂ ಹೋಗಿಲ್ಲ. ರೇವಣಪ್ಪಣ್ಣ ಮೊನ್ನಿ ನಮ್ಮ ಕಟ್ಟಿ ಮ್ಯಾಲ ಕುಂತು ಎಷ್ಟು ಕೆಮ್ಮಿದ್ರು, ಕೇಳೀರಿ? ನಿಮ್ಮ ಫೋಟೋ ಅವರ ಕೆಮ್ಮು ಹಿಡೀತದೇನು?"

ಕಲ್ಲಿನ ದೂಳಿನಲ್ಲಿ ದುಡಿಯುವವರು ಕೆಮ್ಮದೆ ಇರುತ್ತಾರೆಯೇ ಎಂದುಕೊಂಡ ಬಂದೇಅಲಿ.

ಎಪ್ಪತ್ತಾರರ ಮಳೆಗಾಲದಲ್ಲಿ ರೇವಣಪ್ಪ ಷೆಡ್ಡಿನಲ್ಲಿ ಕಲ್ಲಿನ ಮೇಲೆ ರಕ್ತ ಕಾರಿಕೊಂಡ. ನೀಲಾಬಾಯಿ ಮತ್ತು ಇನ್ನಿಬ್ಬರು ಅವನನ್ನು ದವಾಖಾನೆಗೆ ಕರೆತಂದರು. ಹಳೆಯ ಡಾಕ್ಟರು ಹೋಗಿ, ತುಮಕೂರು ಕಡೆಯ ಹೊಸ ಡಾಕ್ಟರು ಬಂದು ಒಂದು ತಿಂಗಳಾಗಿತ್ತು. ಅವರು ರೇವಣಪ್ಪನ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಅವನನ್ನು ಶಹಾಬಾದಿಗೆ ಕಳಿಸಿ ಹೊಸ ಫೋಟೋ ತೆಗೆಸಿದರು. ಎರಡೂ ಪುಪ್ಪುಸ ಗೆದ್ದಲು ಹತ್ತಿದ ಹಲಗೆಯಂತಾಗಿದ್ದವು.

ಡಾಕ್ಟರು ಕಪಾಟಿನಿಂದ ಅವನ ಹಳೆಯ ಫೋಟೋಗಳನ್ನು ತೆಗೆಸಿ ಕಿಟಕಿಯ ಬೆಳಕಿಗೆ ಹಿಡಿದರು. ಬಂದೇಅಲಿ ಬಾಗಿಲ ಹತ್ತಿರ ನಿಂತಿದ್ದ.

"ಆರು ತಿಂಗಳ ಹಿಂದೆ ಈ ಎದೆ ಚೆನ್ನಾಗಿತ್ತು ಅಂತ ಬರೆದಿದೆ. ಆದರೆ ಇಲ್ಲಿ ನೋಡು, ಇವನ ಕೊರಳೆಲುಬು ಮುರಿದು ಸೊಟ್ಟಗೆ ಕೂಡಿದೆ. ಇವತ್ತಿನ ಫೋಟೋದಲ್ಲಿ ಎಲುಬು ನೆಟ್ಟಗಿದೆ. ಆರು ತಿಂಗಳಲ್ಲಿ ಎಲುಬು ನೆಟ್ಟಗಾಗುತ್ತಾ?"

ಡಾಕ್ಟರು ಸುಮ್ಮನಾಗುವವರಲ್ಲ. ಆ ವರ್ಷದ ಎಲ್ಲ ಫೋಟೋಗಳನ್ನೂ ಒಂದೊಂದಾಗಿ ನೋಡುತ್ತ ಕುಳಿತರು. ಮಧ್ಯಾಹ್ನದ ಹೊತ್ತಿಗೆ ಮೇಜಿನ ಮೇಲೆ ಒಂದು ಕಡೆ ಹನ್ನೊಂದು ಫೋಟೋಗಳು ಬಿದ್ದಿದ್ದವು. ಹನ್ನೊಂದರಲ್ಲೂ ಎಡಗಡೆಯ ಎಲುಬು ಅದೇ ಜಾಗದಲ್ಲಿ, ಅದೇ ರೀತಿ ಸೊಟ್ಟ.

"ಏನಪ್ಪ ಬಂದೇಅಲಿ, ಈ ಊರಲ್ಲಿ ಹನ್ನೊಂದು ಜನ ಒಂದೇ ಮರದಿಂದ ಬಿದ್ದಿದ್ದಾರಾ?"

ಸಾಲಿನಲ್ಲಿ ಕುಳಿತಿದ್ದ ಯಾರೋ ಕಿಸಕ್ಕನೆ ನಕ್ಕರು. ಬಂದೇಅಲಿ ಅಂಗಿಯ ಕೊರಳ ಗುಂಡಿ ಹಾಕಿಕೊಂಡ. ಡಾಕ್ಟರು ಅವನ ಇಳಿದ ಭುಜವನ್ನೇ ನೋಡಿದರು. ಸಿಟ್ಟಾಗಲಿಲ್ಲ.

"ಮೂರು ವರ್ಷ ಇವುಗಳನ್ನ ಯಾರೂ ಕಣ್ಣೆತ್ತಿ ನೋಡೇ ಇಲ್ಲ. ನೋಡಿದ್ದರೆ ಮೊದಲನೇ ವರ್ಷವೇ ಸಿಗುತ್ತಿತ್ತು" ಎಂದಷ್ಟೇ ತಮಗೆ ತಾವೇ ಹೇಳಿಕೊಂಡರು. ಆಮೇಲೆ ಬಂದೇಅಲಿಯನ್ನು ಒಳಗೆ ಕರೆದರು. "ಈ ಮನುಷ್ಯನನ್ನ ಗುಲಬರ್ಗಾದ ಹಾಸಿಗೆಗೆ ಕಳಿಸಬೇಕು. ವರ್ಷವರ್ಷದ ಫೋಟೋ ಜೊತೆಗೆ ಕಳಿಸದೆ ಹಾಸಿಗೆ ಕೊಡೋದಿಲ್ಲ. ಈ ಸುಳ್ಳು ಫೋಟೋ ಇಟ್ಟು ಕಳಿಸೋಕೆ ನನ್ನಿಂದ ಆಗಲ್ಲ. ನಾಳೆ ಬೆಳಿಗ್ಗೆ ನಿಜ ಏನು ಅಂತ ಹೇಳು."

ಆ ಸಂಜೆ ನೀಲಾಬಾಯಿ ಟಾಂಗಾ ಹುಡುಕಲು ಸ್ಟೇಷನ್ ಕಡೆ ಹೋಗಿದ್ದಳು. ಜಿಟಿಜಿಟಿ ಮಳೆ. ಬಂದೇಅಲಿ ಬಾಗಿಲು ಹಾಕಿ, ಬೆಂಚಿನ ಮೇಲೆ ಮಲಗಿದ್ದ ರೇವಣಪ್ಪನಿಗೆ ತನ್ನ ಕಂಬಳಿ ಹೊದಿಸಿ, ಎಂದಿನ ಹಾಗೆ ವಸ್ತ್ರ ತೆಗೆದುಕೊಂಡು ಗೋಡೆಯ ಗಾಜು ಒರೆಸತೊಡಗಿದ.

"ಅದೇನೋ ಅದು?" ಎಂದ ರೇವಣಪ್ಪ. ಹತ್ತು ವರ್ಷದಿಂದ ಈ ದವಾಖಾನೆಗೆ ಬಂದುಹೋದವನು, ಬಾಗಿಲು ಹಾಕಿದ ಮೇಲೆ ಒಳಗೆ ಕುಳಿತದ್ದು ಅಂದೇ ಮೊದಲು.

"ಯಾರಿಗೆ ಗೊತ್ತು? ಕಾನೂನಿಂದು ಇರಬೇಕು. ನಿನಗ ಓದ್ಲಿಕ್ಕ ಬರ್ತದಲ್ಲ, ಓದು."

ರೇವಣಪ್ಪ ಗೋಡೆ ಹಿಡಿದು ಎದ್ದು ನಿಂತ. ಮಠದಲ್ಲಿ ವಚನ ಓದಿ ರೂಢಿಯಾದವನು, ಒಂದೊಂದೇ ಅಕ್ಷರ ಬಿಡಿಸಿ ಓದಿದ. ರೋಗಿಯ ಹಕ್ಕು ಮತ್ತು ಹೊಣೆ ಎಂದು ತಲೆಬರಹ. ತನ್ನ ತಪಾಸಣೆಯ ಫಲವನ್ನು ಡಾಕ್ಟರರಿಂದ ಕೇಳಿ ತಿಳಿಯುವುದು ರೋಗಿಯ ಹಕ್ಕು ಎಂದು ಎರಡನೆಯದು. ನಾಲ್ಕನೆಯದಕ್ಕೆ ಬಂದಾಗ ಅವನ ದನಿ ನಿಧಾನವಾಯಿತು.

"'ವಾರ್ಷಿಕ ತಪಾಸಣೆಯಲ್ಲಿ ಎದೆಯ ದೋಷ ಕಂಡುಬಂದ ಕಾರ್ಮಿಕನನ್ನು ಆ ಕಾರಣಕ್ಕಾಗಿ ಕೆಲಸದಿಂದ ತೆಗೆಯತಕ್ಕದ್ದಲ್ಲ. ಗುಣವಾಗುವವರೆಗೆ ಚಿಕಿತ್ಸೆ, ರಜೆ ಮತ್ತು ಅರ್ಧ ಸಂಬಳ ಪಡೆಯುವುದು ಅವನ ಹಕ್ಕು.'"

"ಇನ್ನೊಮ್ಮಿ ಓದು."

ರೇವಣಪ್ಪ ಇನ್ನೊಮ್ಮೆ ಓದಿದ.

"ಹಂಗಾರ ಗನಿಸಾಬನ್ನ ತೆಗದದ್ದು?"

"ತೆಗೀಲಿಕ್ಕೆ ಬರ್ತಿರಲಿಲ್ಲ. ನನ್ನೂ ತೆಗೀಲಿಕ್ಕೆ ಬರ್ತಿರಲಿಲ್ಲ." ರೇವಣಪ್ಪ ಗಾಜಿಗೆ ಅಂಗೈ ಊರಿ ನಿಂತ. "ಬಂದ್ಯಾ, ನೀ ದಿನಾ ಇದರ ಧೂಳ ಒರೆಸ್ತಿದ್ದೆಲ್ಲೋ."

ಬಂದೇಅಲಿಗೆ ಆ ಮಾತು ಬಯ್ಗುಳಕ್ಕಿಂತ ಹೆಚ್ಚಾಗಿ ನಾಟಿತು. "ನಿನಗ ಓದ್ಲಿಕ್ಕ ಬರ್ತಿತ್ತು, ಕಾಣ್ಲಿಲ್ಲ. ನನಗ ಕಾಣ್ತಿತ್ತು, ಓದ್ಲಿಕ್ಕ ಬರ್ಲಿಲ್ಲ" ಎಂದ. ಹೇಳಿದ ಮೇಲೆ ಅದು ನೆವದಂತೆ ಕೇಳಿಸಿತು. ಯಾರನ್ನಾದರೂ ಕರೆದು ಒಮ್ಮೆ ಓದಿಸಬಹುದಿತ್ತು. ಹತ್ತು ವರ್ಷ.

"ಮುಂದ ಏನದ? ಪೂರಾ ಓದು. ಹಾಸಿಗೀ ಮಾತು ಎಲ್ಲ್ಯಾದ?"

ಅದು ಒಂಬತ್ತನೆಯದರಲ್ಲಿತ್ತು. ವಾರ್ಷಿಕ ತಪಾಸಣೆಗೆ ಸ್ವತಃ ಹಾಜರಾಗುವುದು ಕಾರ್ಮಿಕನ ಹೊಣೆ. ಹಾಜರಾಗದವನಿಗೆ ದೊಡ್ಡ ಆಸ್ಪತ್ರೆಯ ಹಾಸಿಗೆಯ ಹಕ್ಕು ಇರತಕ್ಕದ್ದಲ್ಲ.

ರೇವಣಪ್ಪ ಬೆಂಚಿಗೆ ಮರಳಿ ಬಂದು ಕುಳಿತ. ನಗಲು ಹೋದ, ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, "ನಾಳಿ ನೀ ಏನೂ ಹೇಳಬ್ಯಾಡ. ನಿನ್ನ ನೌಕರಿ ಹೋಗ್ತದ. ಹೆಂಗೂ ನನಗ ಸಿಗಂಗಿಲ್ಲ" ಅಂದ.

ಬಂದೇಅಲಿ ಮನೆಗೆ ಹೋದರೂ ಊಟ ಮಾಡಲಿಲ್ಲ. ಅವನು ಒಂದೇ ದಾರಿ ಕಂಡುಕೊಂಡಿದ್ದ. ತಪ್ಪು ಕೂಲಿಕಾರರದಲ್ಲ, ದವಾಖಾನೆಯದು ಎಂದಾದರೆ ರೇವಣಪ್ಪ ತಪಾಸಣೆಗೆ ಹಾಜರಾದವನೇ ಆಗುತ್ತಾನೆ. ದವಾಖಾನೆಯ ತಪ್ಪು ಎಂದರೆ ಜವಾನನ ತಪ್ಪು.

ಬೆಳಿಗ್ಗೆ ಡಾಕ್ಟರ ಮುಂದೆ ಕೈಕಟ್ಟಿ ನಿಂತು ಅದನ್ನೇ ಹೇಳಿದ. "ಸಾಹೇಬ್ರ, ಅವರೆಲ್ಲ ಬಂದು ಸಾಲಿನ್ಯಾಗ ನಿಂತಿದ್ರು. ನಾನೇ ಯಂತ್ರ ಸರಿ ಅದನೋ ಇಲ್ಲೋ ನೋಡಬೇಕಂತ ಒಳಗ ಹೋಗಿ ನಿಂತೆ, ನಂಬರ ಗಲತ್ ಹಚ್ಚಿದೆ. ಅವರಿಗೇನೂ ಗೊತ್ತಿಲ್ಲ. ನನ್ನ ತಪ್ಪು."

"ಮೂರು ವರ್ಷ ಗಲತ್ ಹಚ್ಚಿದೆಯಾ?"

"ಹೌದ್ರಿ."

ಡಾಕ್ಟರು ಪೆನ್ನು ಕೈಗೆತ್ತಿಕೊಂಡರು. "ನಾನು ನೀನು ಹೇಳಿದ ಹಾಗೇ ಬರೀತೀನಿ. ಕಮಿಟಿಯವರು ಏನು ಮಾಡ್ತಾರೋ ನನಗೆ ಗೊತ್ತಿಲ್ಲ. ಇನ್ನೊಂದು ಮಾತು ಕೇಳು. ಈ ಯಂತ್ರದ ಮುಂದೆ ಅಷ್ಟು ಸಲ ನಿಲ್ಲೋದು ನಿನ್ನ ಮೈಗೂ ಒಳ್ಳೆಯದಲ್ಲ." ಬಂದೇಅಲಿ ಬರೆದ ಕಾಗದಕ್ಕೆ ಉರ್ದುವಿನಲ್ಲಿ ಸಹಿ ಮಾಡಿದ.

ಯೋಜನೆಯ ಕಮಿಟಿಗೆ ಬಸವಂತರಾಯ ಸೆಕ್ರೆಟರಿ. ಅವರದೂ ಒಂದು ಖಣಿ ಇತ್ತು. ಎಂಟು ದಿನದಲ್ಲಿ ಉತ್ತರ ಬಂತು. ಜವಾನನನ್ನು ಕೆಲಸದಿಂದ ತೆಗೆದಿದೆ. ಹನ್ನೊಂದು ಮಂದಿಯ ತಪಾಸಣೆ ಆಗಿಲ್ಲವಾದ್ದರಿಂದ ಅವರೆಲ್ಲರ ಫೋಟೋ ಹೊಸದಾಗಿ ತೆಗೆಯತಕ್ಕದ್ದು. ತಪ್ಪು ಯಾರದೇ ಇರಲಿ, ಮೂರು ವರ್ಷದ ತಪಾಸಣೆ ಇಲ್ಲದವನಿಗೆ ಒಂಬತ್ತನೆಯ ನಿಯಮದ ಪ್ರಕಾರ ಹಾಸಿಗೆ ಕೊಡಲು ಬರುವುದಿಲ್ಲ.

ಬಂದೇಅಲಿ ಬಸವಂತರಾಯರ ಮನೆಗೆ ಹೋದ. ಅವರು ಮರ್ಯಾದೆಯಿಂದಲೇ ಮಾತಾಡಿಸಿದರು.

"ಕುಂದ್ರು. ಚಹಾ ಕುಡೀತೀಯೇನು? ನೋಡು, ಕಾನೂನು ನಾ ಮಾಡಿದ್ದಲ್ಲ."

"ಸಾವಕಾರ್ರ, ಒಂಬತ್ತನೇದು ನೋಡಿದ್ರಿ. ನಾಕನೇದೂ ಒಂದಿಷ್ಟು ನೋಡ್ರಿ. ಗನಿಸಾಬನ್ನ ತೆಗದಾಗ ಯಾಕ ನೋಡ್ಲಿಲ್ಲ?"

"ಅವನು ಬಂದು ಕೇಳಿದ್ನೇನು?" ಎಂದರು ಬಸವಂತರಾಯ. "ಕೇಳಿದ್ರ ಕೊಡ್ತಿದ್ದೆವು. ಹಕ್ಕು ಅನ್ನೋದು ಕೇಳಿದವರಿಗಿ."

ರೇವಣಪ್ಪನನ್ನು ನೀಲಾಬಾಯಿ ಗುಲಬರ್ಗಾದ ಸರಕಾರಿ ದವಾಖಾನೆಗೆ ಒಯ್ದಳು. ಅಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ಗುಳಿಗೆ ಕೊಟ್ಟು, ವಾರಕ್ಕೆರಡು ಸಲ ಸೂಜಿಗೆ ಬರಹೇಳಿದರು. ಬಂದೇಅಲಿ ಪ್ಯಾಸೆಂಜರ್ ಗಾಡಿಯಲ್ಲಿ ಅವನನ್ನು ಆತುಕೊಂಡು ಕೂರಿಸಿಕೊಂಡು ಹದಿನಾಲ್ಕು ಸಲ ಹೋಗಿಬಂದ. ಹದಿನೈದನೆಯ ಸಲ ಹೋಗುವುದು ಬೇಕಾಗಲಿಲ್ಲ. "ಮೊದಲನೇ ವರ್ಷಾನೇ ಬಂದಿದ್ರ ವರ್ಷ ದೀಡ ವರ್ಷದಾಗ ಆರಾಮ ಆಗ್ತಿತ್ತು" ಎಂದು ಅಲ್ಲಿಯ ಕಂಪೌಂಡರ್ ಹೇಳಿದ ಮಾತನ್ನು ಬಂದೇಅಲಿ ನೀಲಾಬಾಯಿಗೆ ಹೇಳಲಿಲ್ಲ. ಆದರೆ ಅವಳೂ ಅಲ್ಲೇ ನಿಂತಿದ್ದಳು.

ಮಣ್ಣು ಕೊಟ್ಟು ಬಂದ ಮೂರನೆಯ ದಿನ ಅವಳು ಬಂದೇಅಲಿಯ ಮನೆಯ ಕಟ್ಟೆಯ ಮೇಲೆ ಕುಳಿತು, "ಅಣ್ಣಾ, ನೀ ಅವತ್ತು ಒಲ್ಲೆ ಅಂದಿದ್ರ ಅವರು ನಿನ್ನ ಮ್ಯಾಲ ಸಿಟ್ಟಾಗ್ತಿದ್ರು. ಅಷ್ಟೇ ಆಗ್ತಿತ್ತು" ಎಂದಳು. ಜಗಳದ ದನಿಯಲ್ಲಿ ಹೇಳಲಿಲ್ಲ. ಅಂದಿನಿಂದ ರೊಟ್ಟಿ ಬರುವುದು ನಿಂತಿತು.

ಉಳಿದ ಹತ್ತು ಮಂದಿಯ ಫೋಟೋ ಹೊಸದಾಗಿ ತೆಗೆದಾಗ ಮೂವರ ಎದೆಯಲ್ಲಿ ಕಲೆ ಕಂಡಿತು. ಶಹಾಬುದ್ದೀನ ಮೂವರ ಹತ್ಯಾರಗಳನ್ನೂ ಹೊರಗಿಟ್ಟ. ಬಂದೇಅಲಿ ಅವರ ಮನೆಮನೆಗೆ ಹೋಗಿ ನಾಲ್ಕನೆಯ ನಿಯಮವನ್ನು ಬಾಯಿಪಾಠ ಒಪ್ಪಿಸಿದ. ಅದನ್ನು ಅವನು ರೇವಣಪ್ಪನಿಂದ ಗಾಡಿಯಲ್ಲಿ ಕುಳಿತು ಕಲಿತಿದ್ದ. ಒಬ್ಬನ ಹೆಂಡತಿ ಬಾಗಿಲಲ್ಲೇ ನಿಂತು, "ನೀವು ಬಾಯಿ ಮುಚ್ಕೊಂಡಿದ್ರ ನಮ್ಮವರು ಇವತ್ತೂ ಕೆಲಸಕ್ಕ ಹೋಗ್ತಿದ್ರು. ಮೊದಲು ಎದಿ ಕೊಟ್ಟ್ರಿ, ಆಮ್ಯಾಲ ಹೆಸರ ಕೊಟ್ಟ್ರಿ" ಎಂದಳು. ನಳದ ಹತ್ತಿರ ಹೆಂಗಸರು ಸುಗರಾಬಿಯ ಕೊಡಕ್ಕೆ ಜಾಗ ಬಿಡುವುದನ್ನು ನಿಲ್ಲಿಸಿದರು. ಮೂವರಲ್ಲಿ ಒಬ್ಬನೂ ಕಮಿಟಿಯ ಮುಂದೆ ಹೋಗಿ ಕೇಳಲಿಲ್ಲ.

ಜವಾನಿಕೆ ಹೋದ ಮೇಲೆ ಬಂದೇಅಲಿಗೆ ಸಿಕ್ಕಿದ್ದು ಒಂದೇ ಕೆಲಸ. ರೇವಣಪ್ಪ ದುಡಿಯುತ್ತಿದ್ದ ಷೆಡ್ಡಿನಲ್ಲೇ ಕಲ್ಲಿನ ಪುಡಿ ಗುಡಿಸುವುದು. ಭಾರ ಎತ್ತುವುದಿಲ್ಲವಲ್ಲ ಎಂದು ಶಹಾಬುದ್ದೀನ ದೊಡ್ಡ ಮನಸ್ಸು ಮಾಡಿ ಕೊಟ್ಟ. ಅವನಿಗೂ ಒಂದು ಹಳದಿ ಕಾರ್ಡು ಬಂತು.

ಮರುವರ್ಷ ಶಿವರಾತ್ರಿ ಕಳೆದು ವ್ಯಾನು ಬಂತು. ತುಮಕೂರಿನ ಡಾಕ್ಟರು ಅಷ್ಟರಲ್ಲಿ ವರ್ಗವಾಗಿ ಹೋಗಿದ್ದರು. ಸಾಲಿನವರು ದವಾಖಾನೆಯೊಳಗೆ ಬಂದು ಕುಳಿತ ಮೇಲೆ ಬಂದೇಅಲಿ, ಗೋಡೆಯ ಕಾಗದ ಕಾಣಲೆಂದು, ಬಾಗಿಲನ್ನು ಒಳಗಿನಿಂದ ಮುಂದಕ್ಕೆ ತಳ್ಳಿ ಹಾಕಿದ. ಗಾಜಿನ ಮೇಲೆ ಒಂದು ಬೆರಳು ದೂಳು ಕುಳಿತಿತ್ತು. ವಸ್ತ್ರದಿಂದ ಒರೆಸಿದ. ಕುಳಿತಿದ್ದ ಇಪ್ಪತ್ತು ಮಂದಿಗೆ, "ಓದ್ಲಿಕ್ಕೆ ಬರೋರು ನಾಕನೇದು ಓದ್ರಪ್ಪಾ, ಎಲ್ಲಾರಿಗೂ ಕೇಳೋಹಂಗ ಓದ್ರಿ" ಎಂದ.

ಒಬ್ಬ ಎದ್ದು ಎರಡು ಸಾಲು ಓದಿದ. "ಬರದದ್ದು ಬ್ಯಾರೆ ಮಾಮಾ, ಶಹಾಬುದ್ದೀನ ಬ್ಯಾರೆ" ಎಂದು ಕುಳಿತುಬಿಟ್ಟ. ಇನ್ನೊಬ್ಬ ಬಂದೇಅಲಿಯ ಕಿವಿಯ ಹತ್ತಿರ ಬಾಗಿ, "ನೀವೂ ಈಗ ಧೂಳಿನ್ಯಾಗ ಇದ್ದೀರಿ. ರಾತ್ರಿ ಕೆಮ್ಮತೀರಂತ ಕೇಳೀನಿ. ಎದಿ ಬೇಕಾಗಿದ್ರ ಹೇಳ್ರಿ, ಚಹಾದ ಹೋಟೆಲಿನವ ಒಬ್ಬ ಒಪ್ಕೊಂಡಾನ. ಅವನ ಎಲುಬು ನೆಟ್ಟಗ ಅವ" ಎಂದ. ಸುತ್ತ ಕುಳಿತವರು ನಕ್ಕರು.

"ಶೆಕಿ ಭಾಳ ಆಗ್ಯಾದ, ಆ ಬಾಗಿಲ ಯಾರು ಹಾಕ್ಯಾರ? ತೆಗೀರೋ" ಎಂದು ಹಿಂದಿನಿಂದ ಯಾರೋ ಕೂಗಿದರು. ಹೊಸ ಜವಾನ ಬಂದು ಬಾಗಿಲು ಪೂರ್ತಿ ತೆರೆದು, ಅದು ಮತ್ತೆ ಮುಚ್ಚದಂತೆ ಒಂದು ಫರ್ಸಿ ತುಂಡನ್ನು ಒತ್ತಿ ಇಟ್ಟ. ಹೊರಗಿನ ಗಾಳಿ ಬಂತು. ಬಂದೇಅಲಿಯ ನಂಬರು ಕೂಗಿದರು. ಅವನು ಅಂಗಿ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ತನ್ನ ಕಾರ್ಡು ಕೈಯಲ್ಲಿ ಹಿಡಿದು, ಕೆಮ್ಮು ತಡೆಯುತ್ತ ವ್ಯಾನಿನ ಮೆಟ್ಟಿಲು ಹತ್ತಿದ.